ಮನೇಲಿ ಯಾರೂ ಇಲ್ಲ

ಒಂದು ಮಧ್ಯಾಹ್ನ ಆಫೀಸಲ್ಲಿ ಮೀಟಿಂಗ್ ನಡುವೆ ಡೆಲಿವರಿ ಹುಡುಗನ ಫೋನ್ ಬಂತು.

"ಮೇಡಂ, ನಿಮ್ಮನೆ ಹತ್ರ ಬಂದಿದೀನಿ. ಮನೇಲಿ ಯಾರೂ ಇಲ್ವಂತೆ."

"ಇಲ್ವಂತೆ ಅಂದ್ರೆ? ಯಾರು ಹೇಳಿದ್ರು?"

"ಬಾಗ್ಲು ತೆಗ್ದೋರು."

ಅವನೇನೂ ತಮಾಷೆ ಮಾಡ್ತಿರಲಿಲ್ಲ. ಬಾಗಿಲು ತೆಗೆದದ್ದು ನಮ್ಮ ಮನೆ ಕೆಲಸಕ್ಕೆ ಬರುವ ಅಕ್ಕ. ಅವರು ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ನಾನೂ ಅವರನ್ನ ಅಕ್ಕ ಅಂತೀನಿ, ಅವರೂ ನನ್ನನ್ನ ಅಕ್ಕ ಅಂತಾರೆ. ಬಾಗಿಲಲ್ಲಿ ನಿಂತು, ಕೈಯಲ್ಲಿ ಪೊರಕೆ ಹಿಡಿದು, "ಮನೇಲಿ ಯಾರೂ ಇಲ್ಲ ಕನಣ್ಣ" ಅಂದಿದ್ದಾರೆ. ಹುಡುಗನಿಗೂ ಅದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ. ನಿಜ ಹೇಳಬೇಕಂದ್ರೆ ಮೊದಲ ಎರಡು ಸೆಕೆಂಡು ನನಗೂ ಕಾಣಲಿಲ್ಲ. ಆಮೇಲೆ ಇಡೀ ಸಂಜೆ ಆ ವಾಕ್ಯ ತಲೆಯಲ್ಲೇ ಕೂತಿತ್ತು. ಕಾಲೇಜಿನಲ್ಲಿ ಫಿಲಾಸಫಿ ಪೇಪರಿಗೆ 'ಅಸ್ತಿತ್ವ' ಅಂತ ಪುಟಗಟ್ಟಲೆ ಬರೆದವಳು ನಾನು. ನಮ್ಮನೆ ಬಾಗಿಲಲ್ಲೇ ಒಬ್ಬರು ನಿಂತು ತಾನು ಇಲ್ಲ ಅಂತ ಹೇಳೋದು ಹೇಗೆ ಸಾಧ್ಯ ಅನ್ನೋದಕ್ಕೆ ಆ ಪುಟಗಳಲ್ಲಿ ಉತ್ತರ ಇರಲಿಲ್ಲ.

ಅಕ್ಕನ ಊರು ಹಲಗೂರಿನ ಹತ್ತಿರದ ಒಂದು ಹಳ್ಳಿ. ಬೆಂಗಳೂರಿಗರಿಗೆ ಹಲಗೂರು ಅಂದ್ರೆ ಕನಕಪುರ ರಸ್ತೆಯಲ್ಲಿ ಸಾತನೂರು ದಾಟಿದ ಮೇಲೆ, ಮಳವಳ್ಳಿಗೆ ಮುಂಚೆ ಸಿಗುವ ಊರು. ಮುತ್ತತ್ತಿಗೋ ಭೀಮೇಶ್ವರಿಗೋ ಹೊರಟವರು ಟೀ ಕುಡಿಯೋಕೆ ನಿಲ್ಲಿಸುವ ಜಾಗ. ಅಕ್ಕನಿಗೆ ಹಲಗೂರು ಅಂದ್ರೆ ಬೇರೆ. ಅವರದು ಸಿದ್ದಪ್ಪಾಜಿ ಒಕ್ಕಲು. ಪ್ರತಿವರ್ಷ ಬನದ ಹುಣ್ಣಿಮೆಗೆ ಕೊಳ್ಳೇಗಾಲದ ಕಡೆ ಚಿಕ್ಕಲ್ಲೂರಿನಲ್ಲಿ ಐದು ದಿನದ ಜಾತ್ರೆ ನಡೆಯುತ್ತೆ. ಆ ವಾರ ನಮ್ಮನೆ ಪಾತ್ರೆ ನಾವೇ ತೊಳೀತೀವಿ. ಹಲಗೂರಲ್ಲಿ ಸಿದ್ದಪ್ಪಾಜಿಗೆ ಏನಾಯ್ತು ಅನ್ನೋದನ್ನ ಅಕ್ಕನ ಬಾಯಲ್ಲೇ ಮೊದಲು ಕೇಳಿದ್ದು ನಾನು. ಪುಸ್ತಕದಲ್ಲಿ ಓದಿದ್ದು ಆಮೇಲೆ.

ತಂಬೂರಿ ಹಿಡಿದ ನೀಲಗಾರರು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಾವ್ಯ ಬಹಳ ದೊಡ್ಡದು, ಹಾಡುವವರಿಂದ ಹಾಡುವವರಿಗೆ ವಿವರ ಬದಲಾಗುತ್ತೆ. ಹಲಗೂರಿನ ಭಾಗದ ಎಲುಬು ಮಾತ್ರ ಇಷ್ಟು: ಧರೆಗೆ ದೊಡ್ಡವರು ಅನ್ನಿಸಿಕೊಂಡ ಗುರು ಮಂಟೇಸ್ವಾಮಿಗೆ ಕಬ್ಬಿಣ ಬೇಕು. ಅದನ್ನು ಭಿಕ್ಷೆ ಎತ್ತಿ ತರೋಕೆ ಶಿಷ್ಯ ಸಿದ್ದಪ್ಪಾಜಿಯನ್ನ ಹಲಗೂರಿನ ಪಾಂಚಾಳರ ಹತ್ತಿರ ಕಳಿಸ್ತಾನೆ. ಸಿದ್ದಪ್ಪಾಜಿ ಹುಟ್ಟಿನಿಂದ ಪಾಂಚಾಳನೇ, ಕೆಂಪಾಚಾರಿ. ಅಂದರೆ ತನ್ನ ಕುಲದವರ ಮುಂದೆಯೇ ಜೋಳಿಗೆ ಹಿಡಿದು ನಿಲ್ಲಬೇಕು. ಅವರು ಕೊಡಲ್ಲ. ಹಿಂಸೆ ಕೊಡ್ತಾರೆ, ಪರೀಕ್ಷೆ ಮೇಲೆ ಪರೀಕ್ಷೆ ಒಡ್ತಾರೆ. ಅವನು ಪವಾಡದ ಮೇಲೆ ಪವಾಡ ಗೆದ್ದು ಕೊನೆಗೆ ಕಬ್ಬಿಣ ಪಡೀತಾನೆ.

ಅಕ್ಕ ಇದನ್ನ ಹೇಳುವಾಗ ಪವಾಡಗಳನ್ನ ಬೇಗ ಬೇಗ ಮುಗಿಸಿದರು. ನಿಂತದ್ದು ಒಂದೇ ಕಡೆ. "ಕಬ್ಬುಣದ ಭಿಕ್ಸ ನೀಡ್ರಪ್ಪ ಅಂದ್ರೆ ಇಲ್ಲ ಅಂದ್ಬುಟ್ರು ಕನಕ್ಕ. ಕುಲುಮೆ ಉರೀತಾ ಅದೆ, ಸುತ್ಲೂವೆ ಕಬ್ಬುಣ ಬಿದ್ದದೆ. ಇಲ್ಲ ಅಂದ್ರು." ಕೊಡಲ್ಲ ಅಂದಿದ್ದರೆ ಅಷ್ಟು ಸಿಟ್ಟು ಬರ್ತಿರಲಿಲ್ಲವೇನೋ. ಇರೋದನ್ನ ಇಲ್ಲ ಅಂದದ್ದು ಅವರಿಗೆ ತಡೆಯೋಕಾಗಿಲ್ಲ.

ನನ್ನ ಮಟ್ಟಿಗೆ ಅಸ್ತಿತ್ವದ ಬಗ್ಗೆ ಕನ್ನಡದಲ್ಲಿ ನಡೆದ ದೊಡ್ಡ ವಾದಗಳಲ್ಲಿ ಈ ಹಲಗೂರಿನ ಪ್ರಸಂಗವೂ ಒಂದು. ಯಾಕೆ ಅಂತ ಹೇಳೋಕೆ ನಾವು ದಿನಾ ಬಳಸುವ ಎರಡು ಮೂರು ಪದಗಳನ್ನ ಬಿಚ್ಚಿ ನೋಡಬೇಕು.

ಇಂಗ್ಲಿಷಿನಲ್ಲಿ ಒಂದೇ 'ಇಸ್' ಎಲ್ಲ ಕೆಲಸ ಮಾಡುತ್ತೆ. ದೇವರು ಇದ್ದಾನೆ ಅನ್ನೋಕೂ ಅದೇ, ಸಾಕ್ರಟೀಸ್ ಮನುಷ್ಯ ಅನ್ನೋಕೂ ಅದೇ. ಹೀಗೆ ಬೇರೆ ಬೇರೆ ಸಂಬಂಧಗಳಿಗೆ ಒಂದೇ ಪದ ಬಳಸೋದು ಮನುಷ್ಯಕುಲಕ್ಕೇ ನಾಚಿಕೆಗೇಡು ಅಂತ ಬರ್ಟ್ರಂಡ್ ರಸೆಲ್ 1919ರ ತನ್ನ ಗಣಿತ ತತ್ತ್ವಶಾಸ್ತ್ರದ ಪುಸ್ತಕದಲ್ಲಿ ಬೈದುಕೊಂಡ. ಅವನ ಮನುಷ್ಯಕುಲದಲ್ಲಿ ಮಂಡ್ಯ ಜಿಲ್ಲೆ ಇರಲಿಲ್ಲ ಅಂತ ಕಾಣುತ್ತೆ. 'ಸಾಕ್ರಟೀಸ್ ಮನುಷ್ಯ' ಅನ್ನೋಕೆ ನಮಗೆ ಕ್ರಿಯಾಪದವೇ ಬೇಡ. ಅಲ್ಲಗಳೆಯುವಾಗಲೂ ನಮ್ಮದು ಎರಡು ದಾರಿ. 'ಅವನು ಡಾಕ್ಟರ್ ಅಲ್ಲ' ಅಂದ್ರೆ ಅವನು ಬೇರೇನೋ. 'ಡಾಕ್ಟರ್ ಇಲ್ಲ' ಅಂದ್ರೆ ನಾಳೆ ಬನ್ನಿ. ಮೂರು ವರ್ಷದ ಮಗುವೂ ಈ ಅಲ್ಲ-ಇಲ್ಲಗಳನ್ನ ಅದಲುಬದಲು ಮಾಡಲ್ಲ.

ಇನ್ನೊಂದು ವಿಷಯ. ಇಂಗ್ಲಿಷಿನ 'ಹ್ಯಾವ್' ನಮಗಿಲ್ಲ. 'ನನಗೆ ಇಬ್ಬರು ಮಕ್ಕಳಿದ್ದಾರೆ', 'ಅವರಿಗೆ ಎರಡು ಎಕರೆ ಜಮೀನಿದೆ', 'ನನ್ನ ಹತ್ರ ದುಡ್ಡಿಲ್ಲ'. ಒಡೆತನ ಹೇಳೋಕೆ ನಾವು ಇರುವಿಕೆಯ ಕ್ರಿಯಾಪದವನ್ನೇ ತಗೊಂಡು, ಪಕ್ಕದಲ್ಲಿ ಯಾರಿಗೆ, ಯಾರ ಹತ್ರ ಅಂತ ಸೇರಿಸ್ತೀವಿ. ಹಾಗಾಗಿ ಜಗತ್ತಿನಲ್ಲಿ ಒಂದು ವಸ್ತು ಇರೋದು, ಅದು ಒಬ್ಬರ ಕೈಯಲ್ಲಿರೋದು, ಎರಡಕ್ಕೂ ನಮ್ಮಲ್ಲಿ ಒಂದೇ ಮಾತು. ಬೇಡಲು ಬಂದವರಿಗೆ 'ಇಲ್ಲ' ಅಂದಾಗ ನಾವು ಹೇಳ್ತಿರೋದು ಲೋಕದ ಸುದ್ದಿಯೋ ನಮ್ಮ ಮನಸ್ಸಿನ ಸುದ್ದಿಯೋ ಅನ್ನೋದನ್ನ ಪದ ಬಿಟ್ಟುಕೊಡಲ್ಲ. ಹಲಗೂರಿನ 'ಇಲ್ಲ' ಅಡಗಿ ಕೂತಿರೋದು ಇಲ್ಲೇ.

ಇದರ ತುದಿ 'ಉಳ್ಳವರು' ಅನ್ನುವ ಪದದಲ್ಲಿದೆ. ಉಳ್ ಅಂದರೆ ಇರು. ಕರಾವಳಿಯವರ 'ಉಂಟು' ಕೂಡ ಇದೇ ಬೇರಿನದು. ಉಳ್ಳವರು ಅಂದರೆ ಅಕ್ಷರಶಃ 'ಇರುವವರು'. ಅವರ ಎದುರಿಗೆ ನಿಲ್ಲುವ ಪದ 'ಇಲ್ಲದವರು'. ಬಡವರನ್ನ ಕನ್ನಡ ಇಲ್ಲದವರು ಅಂತ ಕರೆಯುವಾಗ ಏನು ಇಲ್ಲದವರು ಅಂತ ಹೇಳೋ ಗೋಜಿಗೂ ಹೋಗಲ್ಲ. ಬಸವಣ್ಣನವರ ಬಹು ಪ್ರಸಿದ್ಧ ವಚನವೊಂದು ಶುರುವಾಗೋದೇ 'ಉಳ್ಳವರು' ಎಂಬ ಪದದಿಂದ. ಎ.ಕೆ. ರಾಮಾನುಜನ್ 1973ರ 'ಸ್ಪೀಕಿಂಗ್ ಆಫ್ ಶಿವ'ದಲ್ಲಿ ಅದನ್ನು 'ರಿಚ್' ಅಂತ ಮಾಡಿದರು. ಇಂಗ್ಲಿಷಿನಲ್ಲಿ ಬೇರೆ ದಾರಿ ಇರಲಿಲ್ಲ, ತಪ್ಪು ಅಂತ ನಾನು ಹೇಳ್ತಿಲ್ಲ. ಸ್ಥಾವರ-ಜಂಗಮದ ಬಗ್ಗೆ ಅವರು ಮುನ್ನುಡಿಯಲ್ಲಿ ಬರೆದದ್ದು ಇವತ್ತಿಗೂ ಓದಬೇಕಾದ್ದು. ಆದರೆ ಆ ಮೊದಲ ಪದದ ಅನುವಾದದಲ್ಲಿ ದುಡ್ಡು ಉಳೀತು, ಇರವು ಹೋಯ್ತು. ಸ್ಥಾವರ ಅಳಿಯುತ್ತೆ, ಜಂಗಮ ಉಳಿಯುತ್ತೆ ಅನ್ನುವ ಆ ವಚನ ನಿಜವಾಗಿ ಕೇಳ್ತಿರೋದು ಇರುವವರು ಯಾರು ಅಂತ. ಮೊದಲ ಪದದಲ್ಲೇ ಆ ಪ್ರಶ್ನೆ ಇದೆ.

ಈಗ ಪಶ್ಚಿಮಕ್ಕೆ ಒಂದು ಹೆಜ್ಜೆ ಹೋಗಿ ಬರೋಣ. ಇರುವಿಕೆ ಅನ್ನೋದು ಕೆಂಪು, ಭಾರ, ಉದ್ದದ ಹಾಗೆ ವಸ್ತುವಿಗೆ ಸೇರುವ ಇನ್ನೊಂದು ಗುಣ ಅಲ್ಲ ಅಂತ ಕಾಂಟ್ 1781ರಲ್ಲಿ ವಾದಿಸಿದ. ಅವನ ಉದಾಹರಣೆ ನೂರು ಥಾಲರ್ ನಾಣ್ಯ. ಮನಸ್ಸಿನಲ್ಲಿರುವ ನೂರಕ್ಕೂ ನಿಜವಾದ ನೂರಕ್ಕೂ ಪರಿಕಲ್ಪನೆಯಲ್ಲಿ ಒಂದು ಕಾಸಿನ ವ್ಯತ್ಯಾಸವಿಲ್ಲ. ಆದರೆ ತನ್ನ ಹಣಕಾಸಿನ ಸ್ಥಿತಿಗೆ ಮಾತ್ರ ವ್ಯತ್ಯಾಸ ಆಗುತ್ತೆ ಅಂತ ಅವನೇ ಅಲ್ಲೇ ಒಪ್ಪಿಕೊಳ್ತಾನೆ. ಎಲ್ಲರೂ ಮೊದಲ ಮಾತನ್ನ ನೆನಪಿಟ್ಟುಕೊಂಡರು. ನನಗೆ ಎರಡನೆಯದೇ ಇಷ್ಟ. 'ನೂರು ರೂಪಾಯಿ ಇದೆ' ಅಂತ ಕನ್ನಡದಲ್ಲಿ ಯಾರಾದ್ರೂ ಅಂದ್ರೆ ನಾವು ಕೇಳುವ ಮೊದಲ ಪ್ರಶ್ನೆ, 'ಯಾರ ಹತ್ರ?'

ನಮ್ಮ ಕಡೆಯ ನ್ಯಾಯ-ವೈಶೇಷಿಕರು 'ಇಲ್ಲ' ಎಂಬುದನ್ನ ಇನ್ನೂ ಗಂಭೀರವಾಗಿ ತಗೊಂಡವರು. ಅಭಾವವೂ ಒಂದು ಪದಾರ್ಥ ಅಂದರು. ಅವರ ಹಳೇ ಉದಾಹರಣೆ, ನೆಲದ ಮೇಲೆ ಮಡಕೆ ಇಲ್ಲ. ಇಲ್ಲಿ ಎರಡು ಸಂಗತಿ ಗೊತ್ತಿರಬೇಕು. ಏನು ಇಲ್ಲ? ಮಡಕೆ. ಎಲ್ಲಿ ಇಲ್ಲ? ನೆಲದ ಮೇಲೆ. ಮೊದಲನೆಯದು ಪ್ರತಿಯೋಗಿ, ಎರಡನೆಯದು ಅಧಿಕರಣ. ಬರೀ 'ಇಲ್ಲ' ಅನ್ನೋದೊಂದು ಇರಲ್ಲ, ಏನೋ ಒಂದು ಎಲ್ಲೋ ಒಂದು ಕಡೆ ಇರಲ್ಲ ಅಷ್ಟೆ. ಬಹಳ ಒಳ್ಳೆ ಸಲಕರಣೆ ಇದು. ಆದರೆ ಹಲಗೂರಿನ ಕುಲುಮೆ ಮುಂದೆ ಇದು ಸಾಕಾಗಲ್ಲ. ಏನು ಇಲ್ಲ? ಕಬ್ಬಿಣ. ಎಲ್ಲಿ ಇಲ್ಲ? ಕುಲುಮೆಯಲ್ಲಿ. ಎರಡೂ ಕೂಡಿದರೆ ಅದು ಸುಳ್ಳು, ಅಲ್ಲಿಗೆ ಮುಗೀತು. ಮೂರನೇ ಪ್ರಶ್ನೆ ಕೇಳಿದರೆ ಮಾತ್ರ ಏನು ನಡೀತಿದೆ ಅಂತ ಗೊತ್ತಾಗುತ್ತೆ. ಯಾರಿಗೆ ಇಲ್ಲ?

ಹೋದ ಬೇಸಿಗೆಯಲ್ಲಿ ಹಲಗೂರಿನಲ್ಲೇ ಇದರ ಪಾಠ ಆಯ್ತು. ಟೀ ಕುಡಿದು ಇನ್ನೂರರ ನೋಟು ಕೊಟ್ಟೆ. ಅಂಗಡಿಯವರು ಡಬ್ಬಿ ಕಡೆ ನೋಡದೆಯೇ "ಚಿಲ್ರೆ ಇಲ್ಲ ಮೇಡಂ" ಅಂದರು. ಅಷ್ಟರಲ್ಲಿ ಒಬ್ಬ ಅಜ್ಜಿ ಬಂದು ಬೀಡಿ ತಗೊಂಡು ನೂರರ ನೋಟು ಚಾಚಿದರು. ಅದೇ ಡಬ್ಬಿಯಿಂದ ಹತ್ತರ ನೋಟುಗಳು ಎಣಿಕೆಯಾಗಿ ಹೊರಗೆ ಬಂದವು. ನಾನು ನೋಡ್ತಿದ್ದೆ. ಅವರಿಗೇನೂ ಮುಜುಗರ ಆಗಲಿಲ್ಲ. "ಅವ್ವುಂಗೆ ಬಸ್ಸಿಗೆ ಬೇಕಲ್ವಾ ಮೇಡಂ. ನಿಮ್ಗೆ ಫೋನದೆ." ನಾನು ಫೋನ್ ತೆಗೆದು ಸ್ಕ್ಯಾನ್ ಮಾಡಿದೆ. ಅವರು ಸುಳ್ಳು ಹೇಳಿದರಾ? ನ್ಯಾಯಶಾಸ್ತ್ರದ ಪ್ರಕಾರ ಹೌದು. ಆದರೆ ನನಗೆ ಚಿಲ್ಲರೆ ಇಲ್ಲ ಅನ್ನೋದು ಆ ಡಬ್ಬಿಯ ಬಗ್ಗೆ ನಿಜವಾದ ಮಾತೇ. ಇರುವಷ್ಟು ಚಿಲ್ಲರೆ ಅಜ್ಜಿಯಂಥವರದು. ಪಾಂಚಾಳರು ಅಂದದ್ದೂ ವ್ಯಾಕರಣದಲ್ಲಿ ಇದೇ 'ಇಲ್ಲ'. ವ್ಯತ್ಯಾಸ ಅದು ಯಾರ ಕಡೆಗೆ ತಿರುಗಿತ್ತು ಅನ್ನೋದರಲ್ಲಿದೆ. ಅಂಗಡಿಯವರು ಬೇರೆ ದಾರಿ ಉಳ್ಳವಳಿಗೆ ಇಲ್ಲ ಅಂದರು. ಕುಲುಮೆಯವರು ಜೋಳಿಗೆ ಬಿಟ್ಟರೆ ಏನೂ ಇಲ್ಲದವನಿಗೆ ಇಲ್ಲ ಅಂದರು.

ಕಾವ್ಯದ ಪರವಾಗಿ ಇಷ್ಟು ಹೇಳಿದ ಮೇಲೆ ಅದರ ಕೊರತೆಯನ್ನೂ ಹೇಳಬೇಕು. ಪಾಂಚಾಳರ ಮಾತು ಈ ಕಾವ್ಯಕ್ಕೆ ಸರಿಯಾಗಿ ಕೇಳಿಸಲ್ಲ. ಕಬ್ಬಿಣ ಕಮ್ಮಾರನ ಬಂಡವಾಳ, ಬೆವರಿನಿಂದ ಬಂದದ್ದು. ಗುರು ಕೇಳಿದ ಅಂತ ಯಾಕೆ ಕೊಡಬೇಕು ಅನ್ನೋದು ನ್ಯಾಯವಾದ ಪ್ರಶ್ನೆ. ಫ್ಯಾಕ್ಟರಿಯ ಗುದ್ದಲಿ, ಕುಡುಗೋಲು ಸಂತೆಗೆ ಬಂದ ಮೇಲೆ ಹಳ್ಳಿ ಕುಲುಮೆಯವರೇ ಇಲ್ಲದವರ ಸಾಲಿಗೆ ಸೇರಿದ್ದಾರೆ. ಗೆಲ್ಲುವವನ ಕಡೆ ಪವಾಡ ಇದ್ದಾಗ ಸೋಲುವವರ ವಾದ ಸಣ್ಣದಾಗುತ್ತೆ. ಕಾವ್ಯದ ಕಲ್ಯಾಣದ ಭಾಗದಲ್ಲಿ ಹಾಗಾಗಲ್ಲ. ಅಲ್ಲಿ ಮಂಟೇಸ್ವಾಮಿ ಹೊಲಸು ಮೈಯ, ಸತ್ತ ಕರು ಹೊತ್ತ ವೇಷದಲ್ಲಿ ಬಸವಣ್ಣನ ಬಾಗಿಲಿಗೆ ಬರ್ತಾನೆ, ಬಾಗಿಲಲ್ಲಿರುವವರು ತಡೀತಾರೆ. ಸಮಾನತೆ ಮಾತಾಡುವ ಊರಿನ ಬಾಗಿಲಲ್ಲೂ ಕೆಲವರು 'ಇಲ್ಲ' ಆಗಬಹುದು ಅನ್ನೋದನ್ನ ಪವಾಡಕ್ಕಿಂತ ಮುಂಚೆಯೇ ಅದು ತೋರಿಸಿಬಿಡುತ್ತೆ. ಎಚ್.ಎಸ್. ಶಿವಪ್ರಕಾಶ್ 'ಮಂಟೇಸ್ವಾಮಿ ಕಥಾಪ್ರಸಂಗ' ನಾಟಕ ಬರೆದು ಈ ಲೋಕವನ್ನ ನಗರದ ರಂಗಭೂಮಿಗೆ ತಂದರು. ಆದರೂ ಅಸ್ತಿತ್ವದ ಚರ್ಚೆ ಬಂದಾಗ ನಮ್ಮ ಸಾಹಿತ್ಯ ವಿಮರ್ಶೆ ಇತ್ತ ಕಡೆ ತಿರುಗಿದ್ದು ಅಪರೂಪ.

ಅದು ತಿರುಗಿದ್ದು ಸಾರ್ತ್ರ್, ಕಮೂ ಕಡೆ. ನವ್ಯರ ಕಾಲದಲ್ಲಿ 'ಅಸ್ತಿತ್ವವಾದ' ಅನ್ನೋ ಪದ ಕನ್ನಡದಲ್ಲಿ ನೆಲೆಯೂರಿತು. 'ಅಸ್ತಿ'ಗೆ 'ತ್ವ' ಸೇರಿಸಿದ ಈ ಪದದಲ್ಲಿ ಯಾರಿಗೆ, ಯಾರ ಹತ್ರ ಅನ್ನೋದು ಕಳಚಿ ಬೀಳುತ್ತೆ. ಉಳಿಯೋದು ಒಬ್ಬಂಟಿ ಮನುಷ್ಯ ಮತ್ತು ಅವನ ಆಯ್ಕೆ. 'ಸಂಸ್ಕಾರ' ಬಂದದ್ದು 1965ರಲ್ಲಿ. ಅದನ್ನ ಪ್ರಾಣೇಶಾಚಾರ್ಯರ ಅಸ್ತಿತ್ವದ ಬಿಕ್ಕಟ್ಟಿನ ಕಾದಂಬರಿ ಅಂತ ಓದೋದನ್ನೇ ನಮಗೆ ಕಲಿಸಿದರು. ನಾರಣಪ್ಪನ ಹೆಣ ಬಿದ್ದಿದೆ, ಯಾರು ಸಂಸ್ಕಾರ ಮಾಡಬೇಕು ಅಂತ ಅಗ್ರಹಾರ ಒದ್ದಾಡುತ್ತೆ, ಆಚಾರ್ಯರು ಗ್ರಂಥ ಹುಡುಕ್ತಾರೆ, ಕಾಡಿಗೆ ಹೋಗ್ತಾರೆ, ಬದಲಾಗ್ತಾರೆ. ಆದರೆ ಹೆಣಕ್ಕೆ ಬೆಂಕಿ ಸಿಕ್ಕಿದ್ದು ಹೇಗೆ? ಚಂದ್ರಿ ಅಹಮದ್ ಬ್ಯಾರಿಯನ್ನ ಕರೆದು ರಾತ್ರೋರಾತ್ರಿ, ಅಗ್ರಹಾರಕ್ಕೆ ಗೊತ್ತೇ ಆಗದ ಹಾಗೆ ಸುಟ್ಟು ಮುಗಿಸ್ತಾಳೆ. ಕಾದಂಬರಿಯ ಕೇಂದ್ರ ಪ್ರಶ್ನೆಗೆ ಕೈಯಾರೆ ಉತ್ತರ ಕೊಟ್ಟವಳು ಅವಳು. ಅನಂತಮೂರ್ತಿ ಅದನ್ನ ಬರೆದಿದ್ದಾರೆ. ಓದಿದ ನಾವು ಅದನ್ನ ಕತೆಯ ಅನುಕೂಲ ಅಂದುಕೊಂಡು ಮತ್ತೆ ಆಚಾರ್ಯರ ಹಿಂದೆ ಹೊರಟೆವು. ಅಸ್ತಿತ್ವದ ಬಿಕ್ಕಟ್ಟು ಬರೋಕೆ ಮೊದಲು ಇರುವವರ ಲೆಕ್ಕದಲ್ಲಿ ಇರಬೇಕು ಅನ್ನೋ ಹಾಗೆ. ಆ ಲೆಕ್ಕವನ್ನ ದೇವನೂರ ಮಹಾದೇವ ಬದಲಾಯಿಸಿದರು. 'ಒಡಲಾಳ'ದ ಸಾಕವ್ವ ಕಳೆದುಹೋದ ಹುಂಜಕ್ಕೆ ಪರದಾಡುವಾಗ 'ಇಲ್ಲ' ಅನ್ನೋದು ತತ್ತ್ವವಲ್ಲ, ಒಂದು ಮನೆಯ ನಷ್ಟ.

ಇರುವವರ ಲೆಕ್ಕ ಅಂದೆ. ನಮ್ಮ ಕ್ರಿಯಾಪದ ಆ ಲೆಕ್ಕವನ್ನ ಇಟ್ಟೇ ಇಡುತ್ತೆ. ಇದೆ, ಇದ್ದಾಳೆ, ಇದ್ದಾನೆ, ಇದ್ದಾರೆ. ಮಂಡ್ಯ ಕಡೆ ಅದೆ, ಅವ್ಳೆ, ಅವ್ನೆ, ಅವ್ರೆ. ಒಬ್ಬ ಮನುಷ್ಯ ಇದ್ದಾನೆ ಅಂತ ಹೇಳೋ ಹೊತ್ತಿಗೆ ಅವನನ್ನ ಯಾವ ಮೆಟ್ಟಿಲಲ್ಲಿ ಕೂರಿಸಬೇಕು ಅಂತ ಕನ್ನಡದವರು ತೀರ್ಮಾನ ಮಾಡಿ ಆಗಿರಬೇಕು. ನಮ್ಮ ಅಪಾರ್ಟ್‌ಮೆಂಟಿನಲ್ಲಿ 'ಓನರ್ ಇದಾರೆ', 'ಸೆಕ್ಯೂರಿಟಿ ಇದಾನೆ'. ಸೆಕ್ಯೂರಿಟಿಗೆ ಅರವತ್ತು ವರ್ಷ, ಓನರಿಗೆ ಮೂವತ್ತೆರಡು. ಇರುವಿಕೆಗೆ ಇಷ್ಟೆಲ್ಲ ಅಂತಸ್ತು ಕೊಟ್ಟ ಭಾಷೆ ಇಲ್ಲದಿರುವಿಕೆಗೆ ಮಾತ್ರ ಒಂದೇ ರೂಪ ಇಟ್ಟಿದೆ. ಓನರ್ ಇಲ್ಲ, ಸೆಕ್ಯೂರಿಟಿ ಇಲ್ಲ, ನಾಯಿ ಇಲ್ಲ, ನೀರಿಲ್ಲ. ತೀರಿಹೋದ ತಾತನಿಗೂ ಅದೇ: ತಾತ ಇಲ್ಲ. ಇದ್ದಾಗ ಇದ್ದ ಬಹುವಚನ ಹೋದ ಮೇಲೆ ಕ್ರಿಯಾಪದದಲ್ಲಿ ಉಳಿಯಲ್ಲ.

ಇಷ್ಟಕ್ಕೆ 'ನೋಡಿ, ಕನ್ನಡ ಎಂಥ ತಾತ್ತ್ವಿಕ ಭಾಷೆ' ಅಂತ ಎದೆಯುಬ್ಬಿಸೋದು ಬೇಡ. ಅಲ್ಲ-ಇಲ್ಲದ ಜೋಡಿ ತಮಿಳಿನಲ್ಲೂ ಮಲಯಾಳದಲ್ಲೂ ಇದೆ, ತೆಲುಗಿನಲ್ಲಿ ಕಾದು-ಲೇದು ಇದೆ. 'ಹ್ಯಾವ್' ಇಲ್ಲದ ಭಾಷೆಗಳು ಲೋಕದಲ್ಲಿ ಬೇಕಾದಷ್ಟಿವೆ. ಕನ್ನಡವೂ ಅಷ್ಟೇನೂ ಶುಚಿಯಲ್ಲ; 'ಕಾಫಿ ಬಿಸಿ ಇಲ್ಲ' ಅಂದಾಗ ಇರು ಅನ್ನೋದು ಬರೀ ಸ್ಥಿತಿ ಹೇಳುತ್ತೆ. ಅರಿಸ್ಟಾಟಲ್ ಲೋಕದ ವರ್ಗಗಳು ಅಂದುಕೊಂಡದ್ದು ಗ್ರೀಕ್ ವ್ಯಾಕರಣದ ನೆರಳು ಅಂತ ಎಮಿಲ್ ಬೆನ್ವೆನಿಸ್ತ್ 1958ರ ಪ್ರಬಂಧದಲ್ಲಿ ವಾದಿಸಿ, ಇರುವಿಕೆಯನ್ನ ಹಲವು ಕ್ರಿಯಾಪದಗಳಿಗೆ ಹಂಚಿದ ಪಶ್ಚಿಮ ಆಫ್ರಿಕಾದ ಎವೆ ಭಾಷೆಯನ್ನ ಪಕ್ಕದಲ್ಲಿಟ್ಟು ತೋರಿಸಿದ. ಹಾಗಂತ ವ್ಯಾಕರಣ ತಾನಾಗಿ ಯೋಚನೆ ಮಾಡಲ್ಲ. ಉಳ್ಳವರು ಅಂತ ಕರೆದ ಭಾಷೆಯವರೇ ಇಲ್ಲದವರನ್ನ ಬಾಗಿಲಲ್ಲಿ ತಡೆದದ್ದು. ಭಾಷೆ ಪ್ರಶ್ನೆಯನ್ನ ಕೈಗೆ ಎಟುಕೋ ಹಾಗೆ ಇಡುತ್ತೆ, ಕೇಳೋದು ಬಿಡೋದು ನಮಗೆ ಸೇರಿದ್ದು. ನೀಲಗಾರರು ಕೇಳಿದರು.

ನಾನೂ ಕೇಳಿದೆ, ಅಕ್ಕನನ್ನ. ತಲೆಯಲ್ಲಿ ಇಷ್ಟೆಲ್ಲ ಕಟ್ಟಿಕೊಂಡ ಮೇಲೆ, ಒಂದು ಬೆಳಗ್ಗೆ, ಸ್ವಲ್ಪ ಭಾಷಣದ ಧಾಟಿಯಲ್ಲೇ. "ಅಕ್ಕ, ಮನೇಲಿ ಯಾರೂ ಇಲ್ಲ ಅಂತ ಯಾಕೆ ಹೇಳ್ತೀರಾ? ನೀವು ಇರ್ತೀರಲ್ಲ. ನೀವೂ ಈ ಮನೇಲಿ ಇರೋರೇ ತಾನೆ?"

ಅವರು ನನ್ನನ್ನ ಪಾಪ ಅನ್ನೋ ಹಾಗೆ ನೋಡಿದರು. "ಓಟಿಪಿ ನಿಮ್ತವ ತಾನೆ ಅಕ್ಕ ಇರಾದು. ನಂಗೆಲ್ಲಿ ಕೊಡ್ತಾರೆ? ತಗಳ್ಳೋರು ಯಾರೂ ಇಲ್ಲ ಅಂದೆ."

ನಾನು ಇಷ್ಟು ದಿನ ಅವರು ತಮ್ಮನ್ನೇ ಅಳಿಸಿಕೊಳ್ತಿದ್ದಾರೆ ಅಂದುಕೊಂಡಿದ್ದೆ. ಅವರು ಹುಡುಗನ ಪ್ರಶ್ನೆಯನ್ನ ಸರಿಯಾಗಿ ಕೇಳಿಸಿಕೊಂಡು ಸರಿಯಾದ ಉತ್ತರ ಕೊಟ್ಟಿದ್ದರು. ಯಾರಿಗೆ ಇಲ್ಲ ಅನ್ನೋ ಪ್ರಶ್ನೆಯನ್ನ ಕೇಳಬೇಕಾಗಿದ್ದ ನಾನೇ ಕೇಳಿರಲಿಲ್ಲ.

ಅಲ್ಲಿಗೆ ಮುಗೀತು ಅಂದುಕೊಂಡು ಲ್ಯಾಪ್‌ಟಾಪ್ ಕಡೆ ತಿರುಗಿದೆ. ಅಕ್ಕ ಪೊರಕೆ ಎತ್ತಿಕೊಂಡು ಒಳಗೆ ಹೋಗ್ತಾ ಇನ್ನೊಂದು ಮಾತು ಸೇರಿಸಿದರು. ಅದರಲ್ಲಿ ಸಿಟ್ಟೂ ಇರಲಿಲ್ಲ, ದೂರೂ ಇರಲಿಲ್ಲ.

"ಏನಾರ ಕಳ್ದೋಗ್ಲಿ ನೋಡಿ. ಅವತ್ತು ಮನೇಲಿ ಇದ್ದೋಳು ನಾನೊಬ್ಳೇ ಆಯ್ತೀನಿ."

ಹಲಗೂರಿನವರ 'ಇಲ್ಲ' ಬಾಗಿಲಿಗೆ ಹಾಕಿದ ಅಗಳಿ. ಅಕ್ಕನ 'ಇಲ್ಲ' ಮಳೆಗೆ ಹಿಡಿದ ಗೊಪ್ಪೆ. ಪದ ಒಂದೇ. ನಮ್ಮನೆಯಲ್ಲಿ ಅವರು ಇರೋದು ಯಾವಾಗ, ಇಲ್ಲದಿರೋದು ಯಾವಾಗ ಅನ್ನೋದನ್ನ ತೀರ್ಮಾನ ಮಾಡುವವಳು ನಾನು. ಅದು ಅವರಿಗೆ ಮೊದಲಿಂದ ಗೊತ್ತಿತ್ತು.